ಕತ್ತಿಯ ಬೆಳಕು, ಕತ್ತಿಯ ತುಕ್ಕು

ಟೋಕಿಯೋ ನಗರದ ಉಯೆನೋ ಉದ್ಯಾನದಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕತ್ತಿಗಳಿಗೆಂದೇ ಮೀಸಲಾದ ಒಂದು ಕೋಣೆಯಿದೆ. ನಾನು ಅಲ್ಲಿಗೆ ಹೋದದ್ದು ಕತ್ತಿಗಳನ್ನು ನೋಡಬೇಕೆಂಬ ಹಂಬಲದಿಂದೇನೂ ಅಲ್ಲ. ಬುದ್ಧಮೂರ್ತಿಗಳನ್ನೂ ಮಸಿಯಲ್ಲಿ ಬರೆದ ಚಿತ್ರಗಳನ್ನೂ ನೋಡಿ ಮುಗಿಸಿ, ಹೊರಗೆ ಹೊರಡುವ ದಾರಿಯಲ್ಲಿ ಆ ಕೋಣೆಗೆ ಕಾಲಿಟ್ಟೆ. ನಮ್ಮ ಅರಮನೆಗಳಲ್ಲಿ ಕಾಣುವಂತೆ ರತ್ನ ಕೂರಿಸಿದ ಹಿಡಿ, ಮಖಮಲ್ಲಿನ ಒರೆ, ಇಂಥವೇನಾದರೂ ಇರಬಹುದೆಂದು ಭಾವಿಸಿದ್ದೆ. ಅಲ್ಲಿದ್ದುದು ಹಿಡಿಯೂ ಇಲ್ಲದ, ಒರೆಯೂ ಇಲ್ಲದ ಬರಿಯ ಅಲಗುಗಳು. ಬಿಳಿಯ ಬಟ್ಟೆಯ ಮೇಲೆ ಒಂದೊಂದಾಗಿ ಮಲಗಿದ್ದವು. ಅವುಗಳಿಗಿಂತ ನೋಡುವವರೇ ನನಗೆ ವಿಚಿತ್ರವಾಗಿ ಕಂಡರು. ಗಾಜಿನ ಮುಂದೆ ನಿಂತು ಮಂಡಿ ಮಡಿಸಿ ತುಸು ತಗ್ಗುವರು, ಮತ್ತೆ ಏಳುವರು, ಅರ್ಧ ಹೆಜ್ಜೆ ಎಡಕ್ಕೆ ಸರಿದು ಮತ್ತೆ ತಗ್ಗುವರು; ನಮ್ಮಲ್ಲಿ ಗಣಪತಿಯ ಮುಂದೆ ಬಸ್ಕಿ ಹೊಡೆಯುವವರ ಹಾಗೆ!

ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಪೆಚ್ಚುಮುಖವನ್ನು ಗಮನಿಸಿರಬೇಕು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಮೇಲಿನ ದೀಪದ ಕಡೆ ಬೆರಳು ತೋರಿಸಿ, ಮಂಡಿ ಬಗ್ಗಿಸುವಂತೆ ಸನ್ನೆ ಮಾಡಿದರು. ಬಗ್ಗಿದೆ. ದೀಪದ ಬೆಳಕು ಓರೆಯಾಗಿ ಅಲಗಿನ ಮೇಲೆ ಬಿದ್ದದ್ದೇ ತಡ, ಆವರೆಗೆ ಬರಿಯ ಕಬ್ಬಿಣವಾಗಿದ್ದುದು ಬೇರೆಯೇ ಆಗಿ ಕಂಡಿತು. ಬಾಯಿಯ ಉದ್ದಕ್ಕೂ ಮಂಜಿನ ಬಣ್ಣದ ಒಂದು ಪಟ್ಟಿ. ಅದರ ಮೇಲಂಚು ಮಲೆನಾಡಿನ ಬೆಳಗಿನಲ್ಲಿ ಗುಡ್ಡದ ಸಾಲಿಗೆ ಹತ್ತಿಕೊಂಡ ಮೋಡದಂತೆ ಏರಿಳಿಯುತ್ತಿತ್ತು. ಅದರ ಮೇಲ್ಗಡೆ, ಕಪ್ಪಾದ ಉಕ್ಕಿನ ಮೈಯಲ್ಲಿ, ಹೆರೆದ ಹಲಗೆಯ ನಾರಿನಂತೆ ಸೂಕ್ಷ್ಮವಾದ ಗೆರೆಗಳು. ಯಾರೋ ಚಿತ್ರ ಬರೆದಿರಬೇಕು ಎಂದುಕೊಂಡೆ. ಬರೆದವರು ಯಾರೂ ಇಲ್ಲ, ಅದೆಲ್ಲ ಉಕ್ಕಿನ ಒಳಗಿನಿಂದಲೇ ಬಂದದ್ದು ಎಂಬುದು ಆಮೇಲೆ ತಿಳಿಯಿತು.

ಆ ದಿನ ಹುಟ್ಟಿದ ಬೆರಗಿನ ಜೊತೆಯಲ್ಲಿಯೇ ಒಂದು ಅಳುಕೂ ಹುಟ್ಟಿತು. ಕೊಲ್ಲುವುದಕ್ಕೆಂದೇ ಮಾಡಿದ ವಸ್ತುವನ್ನು ಸುಂದರವೆಂದು ಕರೆಯುವುದು ಸರಿಯೇ? ಆ ಕತ್ತಿಗಳ ವಿಚಾರವನ್ನು ಓದಿ ತಿಳಿದುಕೊಳ್ಳುತ್ತ ಹೋದಂತೆ, ಈ ಪ್ರಶ್ನೆಯನ್ನು ಜಪಾನು ತನ್ನ ಕಾಯಿದೆಯೊಳಕ್ಕೇ ತಂದುಕೊಂಡಿದೆ ಎಂಬುದು ನನಗೆ ಗೊತ್ತಾಯಿತು. ಅಲ್ಲಿ ಖಾಸಗಿ ವ್ಯಕ್ತಿಯೊಬ್ಬ ಇಟ್ಟುಕೊಳ್ಳುವ ಹಳೆಯ ಕತ್ತಿಯನ್ನು ನೋಂದಾಯಿಸುವುದು ಆಯಾ ಪ್ರಾಂತದ ಶಿಕ್ಷಣ ಮಂಡಳಿ. ಅದು ಕೇಳುವ ಮುಖ್ಯ ಪ್ರಶ್ನೆ, ಈ ಕತ್ತಿಗೆ ಕಲಾವಸ್ತುವಾಗಿ ಬೆಲೆಯಿದೆಯೇ ಎಂಬುದು. ಇದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಅದು ಬರಿಯ ಆಯುಧ, ಇಟ್ಟುಕೊಳ್ಳುವಂತಿಲ್ಲ. ಅಂದರೆ ಸೌಂದರ್ಯವೇ ಕತ್ತಿಗೆ ಬದುಕುವ ಪರವಾನಗಿ. ಇಂಥ ಸ್ಥಿತಿ ಹೇಗೆ ಬಂತು? ಇದನ್ನು ಹೇಳಬೇಕಾದರೆ ಉಕ್ಕಿನಿಂದಲೇ ಆರಂಭಿಸಬೇಕು.

ಜಪಾನಿನಲ್ಲಿ ಒಳ್ಳೆಯ ಕಬ್ಬಿಣದ ಅದಿರು ವಿರಳ. ಅಲ್ಲಿನ ಕಮ್ಮಾರರು ಹಿಂದಿನಿಂದಲೂ ನೆಚ್ಚಿಕೊಂಡದ್ದು ಬೆಟ್ಟಗಳಲ್ಲಿಯೂ ಹೊಳೆಯ ಪಾತ್ರಗಳಲ್ಲಿಯೂ ದೊರೆಯುವ ಕಪ್ಪು ಮರಳನ್ನು. ಇದನ್ನು ಕರಗಿಸುವ ಒಲೆಗೆ ತತಾರ ಎಂದು ಹೆಸರು. ಮಣ್ಣಿನ ತೊಟ್ಟಿ ಅದು. ಶಿಮಾನೆ ಪ್ರಾಂತದ ಒಕುಇಜುಮೊ ಎಂಬ ಗುಡ್ಡಗಾಡಿನ ಊರಿನಲ್ಲಿ ಇಂಥ ಒಲೆಯೊಂದನ್ನು ೧೯೭೭ರಲ್ಲಿ ಮತ್ತೆ ಹೊತ್ತಿಸಿದರು. ಇಂದಿಗೂ ಚಳಿಗಾಲದಲ್ಲಿ ಅದು ಉರಿಯುತ್ತದೆ. ಮೂರು ಹಗಲು ಮೂರು ಇರುಳು ನಿದ್ದೆಯಿಲ್ಲದೆ ಕೆಲಸ ನಡೆಯಬೇಕು. ಸುಮಾರು ೧೦ ಟನ್ ಮರಳು, ೧೨ ಟನ್ ಇದ್ದಿಲು ಅದರ ಹೊಟ್ಟೆಗೆ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ಮರಳು ಉಣಿಸುತ್ತ, ಜ್ವಾಲೆಯ ಬಣ್ಣ ನೋಡುತ್ತ, ಮುಖ್ಯ ಕುಶಲಿಯು ಒಳಗೆ ಏನಾಗುತ್ತಿದೆ ಎಂಬುದನ್ನು ಊಹಿಸುತ್ತಾನೆ. ನಾಲ್ಕನೆಯ ಬೆಳಗ್ಗೆ ಒಲೆಯನ್ನೇ ಒಡೆದುಹಾಕುತ್ತಾರೆ. ಒಳಗೆ ಕೆಂಪಗೆ ಹೊಳೆಯುವ ಸುಮಾರು ಎರಡೂವರೆ ಟನ್ ತೂಕದ ಗಟ್ಟಿ. ಅದರಲ್ಲಿ ಕತ್ತಿಗೆ ಯೋಗ್ಯವಾದ ಉಕ್ಕು ಒಂದು ಟನ್ನಿಗಿಂತ ಕಡಿಮೆ. ಅದೇ ತಮಾಹಗಾನೆ. ಜಪಾನಿನ ಎಲ್ಲ ಕಡೆಯ ಕತ್ತಿ ಕಮ್ಮಾರರಿಗೂ ಉಕ್ಕು ಹೋಗುವುದು ಇಲ್ಲಿಂದಲೇ.

ಈ ವಿವರಗಳನ್ನು ಓದುವಾಗ ಕನ್ನಡಿಗನಿಗೆ ತನ್ನ ಮನೆಯ ನೆನಪಾಗದೆ ಇರದು. ದಕ್ಷಿಣ ಭಾರತದ ಉಕ್ಕು ಒಂದು ಕಾಲಕ್ಕೆ ಪಶ್ಚಿಮ ಏಷ್ಯದ ಕತ್ತಿಗಳಿಗೆ ಒಡಲಾಗಿತ್ತು. ಯುರೋಪಿನವರು ಅದಕ್ಕಿಟ್ಟ ವೂಟ್ಸ್ ಎಂಬ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದದ್ದೆಂಬುದು ಹಲವು ವಿದ್ವಾಂಸರ ಮತ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಕಮ್ಮಾರರು ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಆದರೆ ಎರಡು ದಾರಿಗಳೂ ಬೇರೆ. ನಮ್ಮವರು ಮುಚ್ಚಿದ ಮೂಸೆಯಲ್ಲಿ ಉಕ್ಕನ್ನು ಪೂರ್ತಿಯಾಗಿ ಕರಗಿಸುತ್ತಿದ್ದರು. ಅದು ಮೆಲ್ಲಗೆ ತಣಿಯುವಾಗ ಒಳಗೆ ಮೂಡಿದ ಹರಳುಗಳಿಂದಲೇ ಅಲಗಿನ ಮೇಲಿನ ನೀರಲೆಯ ವಿನ್ಯಾಸ ಹುಟ್ಟುತ್ತಿತ್ತು. ಜಪಾನಿನ ಗಟ್ಟಿ ಹೀಗೆ ಒಂದೇ ಸಮನಾಗಿರುವುದಿಲ್ಲ. ಒಂದು ಚೂರು ಗಡಸು, ಇನ್ನೊಂದು ಮೆದು, ನಡುವೆ ಕಿಟ್ಟ. ಅದನ್ನು ಕಾಯಿಸಿ, ಬಡಿದು, ಮಡಿಸಿ, ಮತ್ತೆ ಬಡಿದು ಹದಕ್ಕೆ ತರಬೇಕು. ಒಂದೊಂದು ಮಡಿಕೆಗೂ ಪದರಗಳು ಇಮ್ಮಡಿಯಾಗುತ್ತವೆ. ಚದುರಂಗದ ಮನೆಗಳ ಮೇಲೆ ಧಾನ್ಯವಿಟ್ಟ ಕಥೆ ನಿಮಗೆ ಗೊತ್ತಿದೆಯಲ್ಲ, ಅದೇ ಲೆಕ್ಕ: ೧೫ ಸಲ ಮಡಿಸಿದರೆ ೩೨,೭೬೮ ಪದರ. ನಾನು ಅಂದು ಗಾಜಿನಾಚೆ ಕಂಡ ಹಲಗೆಯ ನಾರು ಈ ಪದರಗಳದು. ಯಾರೂ ಅದನ್ನು ಅಲಂಕಾರಕ್ಕೆಂದು ಹುಡುಕಿಕೊಂಡು ಹೋಗಲಿಲ್ಲ. ಕಿಟ್ಟ ತೆಗೆಯುವ ಕಷ್ಟದ ಕೆಲಸ ತನ್ನ ಗುರುತನ್ನು ಉಕ್ಕಿನ ಮೇಲೆ ಬಿಟ್ಟುಹೋಯಿತು.

ಬಾಯಿಯಂಚಿನ ಮಂಜಿನ ಪಟ್ಟಿಯ ಕಥೆಯೂ ಹೀಗೆಯೇ. ಕತ್ತಿ ಹರಿತವಾಗಬೇಕಾದರೆ ಉಕ್ಕು ಗಡಸಾಗಿರಬೇಕು. ಗಡಸಾದ ಉಕ್ಕು ಪೆಟ್ಟಿಗೆ ಮುರಿಯುತ್ತದೆ. ಮುರಿಯದಿರಬೇಕಾದರೆ ಮೆದುವಾಗಿರಬೇಕು, ಮೆದುವಾದದ್ದು ಮೊಂಡಾಗುತ್ತದೆ. ಈ ತೊಡಕನ್ನು ಅಲ್ಲಿನ ಕಮ್ಮಾರ ಎರಡು ಉಪಾಯಗಳಿಂದ ಬಿಡಿಸಿದ. ಮೆದುವಾದ ಕಬ್ಬಿಣದ ತಿರುಳಿಗೆ ಗಡಸು ಉಕ್ಕಿನ ಹೊದಿಕೆ ಹೊದಿಸಿದ್ದು ಒಂದು. ಅಲಗಿಗೆ ಮಣ್ಣಿನ ಲೇಪ ಕೊಟ್ಟದ್ದು ಇನ್ನೊಂದು: ಬೆನ್ನಿನ ಕಡೆ ದಪ್ಪನಾಗಿ, ಬಾಯಿಯ ಕಡೆ ತೆಳ್ಳಗೆ. ಹಾಗೆ ಲೇಪಿಸಿದ ಅಲಗನ್ನು ಕತ್ತಲೆಯ ಕೋಣೆಯಲ್ಲಿ ಕಾಯಿಸುತ್ತಾನೆ. ಬೆಳಕಿದ್ದರೆ ಕಾದ ಉಕ್ಕಿನ ನಿಜವಾದ ಬಣ್ಣ ತಿಳಿಯದು. ಶಾಖ ೭೫೦-೮೦೦ ಡಿಗ್ರಿ ಸೆಂಟಿಗ್ರೇಡಿನ ಹದಕ್ಕೆ ಬಂದದ್ದನ್ನು ಕಣ್ಣಿನಿಂದಲೇ ಅಳೆದು, ಅಲಗನ್ನು ಒಮ್ಮೆಗೇ ನೀರಿಗೆ ಇಳಿಸುತ್ತಾನೆ. ತೆಳುಲೇಪದ ಬಾಯಿ ತಟ್ಟನೆ ತಣಿದು ಗಾಜಿನಂತೆ ಗಡಸಾಗುತ್ತದೆ. ಬೆನ್ನು ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಗಡಸಾದ ಉಕ್ಕಿಗೆ ಹೆಚ್ಚು ಜಾಗ ಬೇಕು. ಬಾಯಿಯ ಕಡೆ ಅದು ಹಿಗ್ಗಿದಾಗ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ಆ ಪ್ರಸಿದ್ಧವಾದ ಬಾಗು ಪೂರ್ಣಗೊಳ್ಳುವುದು ನೀರಿನೊಳಗೆ, ಕೆಲವು ಕ್ಷಣಗಳಲ್ಲಿ. ಆ ಕ್ಷಣಗಳಲ್ಲಿಯೇ ಸಣ್ಣದೊಂದು ಟಕ್ಕೆಂಬ ಸದ್ದು ಕೇಳಿದರೆ ಬಾಯಿ ಸೀಳಿತೆಂದು ಅರ್ಥ. ವಾರಗಳ ದುಡಿಮೆ ಅಲ್ಲಿಗೆ ಮುಗಿಯಿತು. ಸೀಳದೆ ಉಳಿದರೆ, ಗಡಸೂ ಮೆದುವೂ ಕೂಡುವ ಎಡೆಯಲ್ಲಿ ಮೂಡಿದ ಗೆರೆಯೇ ಹಮೋನ್, ನಾನು ಕಂಡ ಮೋಡದ ಅಂಚು.

ಈ ಕಲೆ ಒಮ್ಮೆಗೇ ಸಿದ್ಧವಾದದ್ದಲ್ಲ. ನಾರಾ ನಗರದ ತೋದಾಯಿಜಿ ದೇವಾಲಯದ ಬುದ್ಧನಿಗೆ, ಚಕ್ರವರ್ತಿ ಶೋಮು ತೀರಿಕೊಂಡ ೭೫೬ರಲ್ಲಿ ಅವನ ರಾಣಿ ಒಪ್ಪಿಸಿದ ವಸ್ತುಗಳನ್ನು ಶೋಸೋಇನ್ ಎಂಬ ಮರದ ಭಂಡಾರದಲ್ಲಿ ಇಟ್ಟು ಕಾಯ್ದುಕೊಂಡು ಬಂದಿದ್ದಾರೆ. ಆ ಭಂಡಾರದಲ್ಲಿರುವ ಕತ್ತಿಗಳು ನೇರವಾದವು, ಚೀನಾ ಕೊರಿಯಾಗಳ ಮಾದರಿಯವು. ಕುದುರೆಯ ಮೇಲೆ ಕುಳಿತು ಕಾದುವ ಯೋಧರು ಪ್ರಬಲರಾದಂತೆ, ಹತ್ತನೆಯ ಶತಮಾನದ ಹೊತ್ತಿಗೆ ಬಾಗಿದ, ನಡುವೆ ಏಣುಳ್ಳ ಕತ್ತಿ ರೂಪುಗೊಂಡಿತು. ಬಾಯಿ ಕೆಳಮುಖವಾಗುವಂತೆ ನಡುವಿನಿಂದ ತೂಗುಬಿಡುತ್ತಿದ್ದ ಆ ಉದ್ದನೆಯ ಕತ್ತಿಗೆ ತಚಿ ಎಂದು ಹೆಸರು. ಮುಂದೆ ಕಾಲಾಳುಗಳ ಯುದ್ಧ ಹೆಚ್ಚಿದ ಕಾಲದಲ್ಲಿ, ಬಾಯಿ ಮೇಲಾಗಿ ನಡುಪಟ್ಟಿಗೆ ಸಿಕ್ಕಿಸುವ, ಸೆಳೆದೊಡನೆಯೇ ಬೀಸಬಹುದಾದ ಕತಾನಾ ಬಂದಿತು. ಕ್ಯೋಟೋದ ಸಾಂಜೋ ಮುನೆಚಿಕ ಆ ಮೊದಲ ತಲೆಮಾರುಗಳ ಕಮ್ಮಾರ. ಅವನ ಕೈಯ ಒಂದು ತಚಿ ಈಗಲೂ ಉಯೆನೋದಲ್ಲಿದೆ. ಉದ್ದ ಸುಮಾರು ೮೦ ಸೆಂಟಿಮೀಟರ್. ಅದರ ಹಮೋನ್ ಗೆರೆಯ ಗುಂಟ ಬಿದಿಗೆಯ ಚಂದ್ರನಂಥ ಪುಟ್ಟ ಬಾಗುಗಳು ಅಲ್ಲಲ್ಲಿ ಕಾಣುವುದರಿಂದ ಅದಕ್ಕೆ ಎಳೆಚಂದ್ರ ಎಂಬರ್ಥದ 'ಮಿಕಾಜುಕಿ' ಎಂಬ ಹೆಸರು ನಿಂತಿತು. ಸಾವಿರ ವರ್ಷಗಳ ಹಿಂದಿನ ಕಬ್ಬಿಣ ಅದು. ನಮ್ಮ ಅಡುಗೆಮನೆಯ ಈಳಿಗೆ ಒಂದು ಮಳೆಗಾಲ ಕಳೆಯುವುದರೊಳಗೆ ಕೆಂಪಾಗುವುದನ್ನು ನೆನೆದರೆ, ಅದನ್ನು ಕಾಪಾಡಿದ ಕೈಗಳೆಷ್ಟಿರಬೇಕು ಎನಿಸುತ್ತದೆ.

ಅರಸರಿಗೂ ಈ ಹುಚ್ಚು ಹತ್ತಿತು. ಸಿಂಹಾಸನ ಬಿಟ್ಟುಕೊಟ್ಟ ಚಕ್ರವರ್ತಿ ಗೋತೋಬ (೧೧೮೦-೧೨೩೯) ದೇಶದ ಹೆಸರಾಂತ ಕಮ್ಮಾರರನ್ನು ತಿಂಗಳ ಸರದಿಯಂತೆ ಕರೆಸಿಕೊಳ್ಳುತ್ತಿದ್ದ. ತಾನೇ ಅಲಗುಗಳಿಗೆ ಹದ ಕೊಡುತ್ತಿದ್ದನೆಂದೂ ಅವುಗಳ ಮೇಲೆ ಸೇವಂತಿಗೆಯ ಗುರುತು ಕೊರೆಸುತ್ತಿದ್ದನೆಂದೂ ಪ್ರತೀತಿ. ಕವಿಯೂ ಆಗಿದ್ದ ಈತ ೧೨೨೧ರಲ್ಲಿ ಕಾಮಾಕುರದ ಸೇನಾಧಿಪತ್ಯದ ವಿರುದ್ಧ ಕತ್ತಿಯೆತ್ತಿ, ಸೋತು, ಓಕಿ ಎಂಬ ದೂರದ ದ್ವೀಪದಲ್ಲಿ ಸೆರೆಯಾಗಿ ಸತ್ತ. ಕತ್ತಿಯನ್ನು ಮೆಚ್ಚುವುದು ಬೇರೆ, ಅದನ್ನು ನಂಬುವುದು ಬೇರೆ! ಅದೇ ಶತಮಾನದಲ್ಲಿ ಬಿಜೆನ್ ಸೀಮೆಯ ಒಸಾಫುನೆ ಮತ್ತು ಅದರ ಸುತ್ತಿನ ಹಳ್ಳಿಗಳು ಕತ್ತಿಗೆ ಹೆಸರಾದವು. ಅಲ್ಲಿನ ಹಮೋನ್ ಲವಂಗದ ಮೊಗ್ಗುಗಳನ್ನು ಒತ್ತಾಗಿ ಜೋಡಿಸಿದಂತಿರುತ್ತದೆ. ಕಾಮಾಕುರದ ಬಳಿಯಲ್ಲಿ ಮಾಸಾಮುನೆ ಎಂಬ ಕಮ್ಮಾರ ಹದಿಮೂರನೆಯ ಶತಮಾನದ ಕೊನೆ, ಹದಿನಾಲ್ಕನೆಯದರ ಆರಂಭದಲ್ಲಿ ಕೆಲಸ ಮಾಡಿದ. ಅವನ ಅಲಗಿನಲ್ಲಿ ಗಡಸು ಉಕ್ಕಿನ ಕಣಗಳು ಬಿಡಿಬಿಡಿಯಾಗಿ ನಕ್ಷತ್ರಗಳಂತೆ ಮಿನುಗುತ್ತವೆ. ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವ ಇಂಥ ಕಣಗಳಿಗೆ ನಿಯೆ ಎಂದೂ, ಬಿಡಿಬಿಡಿಯಾಗಿ ಕಾಣದೆ ಮಂಜಾಗಿ ಹರಡಿದ್ದಕ್ಕೆ ನಿಯೊಯಿ ಎಂದೂ ಅವರ ಹೆಸರುಗಳು. ನಿಯೊಯಿ ಎಂದರೆ ಅವರ ಮಾತಿನಲ್ಲಿ ಪರಿಮಳ. ಉಕ್ಕಿನಲ್ಲಿ ಪರಿಮಳವನ್ನು ಕಂಡ ಜನ!

ಹಾಗಾದರೆ ಕತ್ತಿಯನ್ನು ನೋಡುವುದು ಹೇಗೆ? ಅದಕ್ಕೊಂದು ಕ್ರಮವಿದೆ. ಮೊದಲು ಅಲಗಿಗೆ ತಲೆಬಾಗಬೇಕು. ಬರಿಗೈಯಿಂದ ಮುಟ್ಟಬಾರದು; ಬೆವರು ತುಕ್ಕಿನ ತಾಯಿ. ಅಲಗಿನ ಮೇಲೆ ಬಾಯಿ ತೆರೆದು ಮಾತಾಡಬಾರದು. ಉಸಿರಿನ ತೇವ ಸಾಕು ಅದನ್ನು ಕೆಡಿಸಲು. ಇನ್ನೊಬ್ಬರಿಗೆ ದಾಟಿಸುವಾಗ ಬಾಯಿ ತನ್ನ ಕಡೆಗಿರಬೇಕು. ಮೊದಲು ತೋಳು ಚಾಚಿ ಹಿಡಿದು ಒಟ್ಟಾರೆ ನಿಲುವನ್ನು ನೋಡುವುದು. ಬಾಗು ಎಲ್ಲಿ ಹೆಚ್ಚು, ತುದಿ ಗಿಡ್ಡವೋ ಉದ್ದವೋ ಎಂಬುದರಿಂದಲೇ ಕಾಲ ತಿಳಿಯುತ್ತದೆ. ಆಮೇಲೆ ಮೈಯ ನಾರು, ಅದು ಊರನ್ನು ಹೇಳುತ್ತದೆ. ಕೊನೆಗೆ ದೀಪಕ್ಕೆ ಓರೆ ಹಿಡಿದು ಹಮೋನ್. ಅದು ಮಾಡಿದವನ ಹೆಸರನ್ನೇ ಹೇಳಬಹುದು. ಈ ಪರೀಕ್ಷೆಗೆ ಕಾನ್‌ತೇಯಿ ಎಂದು ಹೆಸರು. ರಸಿಕರು ಒಂದೆಡೆ ಸೇರಿ, ಕತ್ತಿಯ ಹಿಡಿಯ ಭಾಗವನ್ನು ಮರೆಮಾಡಿ, ಮಾಡಿದವನು ಯಾರೆಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಹೆಸರು ನಿಖರವಾಗಿದ್ದರೆ ಸರಿ. ಅದೇ ಪರಂಪರೆಯ ಹತ್ತಿರದ ಇನ್ನೊಬ್ಬನ ಹೆಸರಾದರೆ 'ಸರಿಗೆ ಸಮಾನ' ಎಂಬ ತೀರ್ಪು. ನಮ್ಮ ಸಂಗೀತರಸಿಕರು ಆಲಾಪನೆ ಕೇಳಿಯೇ ಗುರುಪರಂಪರೆಯನ್ನು ಗುರುತಿಸುವುದಿಲ್ಲವೇ? ಇದೂ ಅಂಥದೇ.

ಈ ರಸಿಕತೆ ಬೆಳೆದದ್ದು ಯುದ್ಧದ ನಡುವೆಯಲ್ಲ, ಬಹುಮಟ್ಟಿಗೆ ಶಾಂತಿಯಲ್ಲಿ ಎಂಬುದನ್ನು ಮರೆಯಬಾರದು. ೧೫೮೮ರಲ್ಲಿ ಹಿದೆಯೋಶಿ ರೈತರ ಕತ್ತಿಗಳನ್ನೆಲ್ಲ ಕಿತ್ತುಕೊಳ್ಳುವಂತೆ ಆಜ್ಞೆ ಹೊರಡಿಸಿದ. ಕ್ಯೋಟೋದಲ್ಲಿ ಕಟ್ಟುತ್ತಿರುವ ಮಹಾಬುದ್ಧನ ಆಲಯಕ್ಕೆ ಅವು ಮೊಳೆಗಳಾಗುವುವೆಂದು ಸಮಾಧಾನವನ್ನೂ ಹೇಳಿದ. ೧೬೦೩ರಿಂದ ೧೮೬೮ರವರೆಗೆ ತೊಕುಗಾವ ಮನೆತನದ ಆಳ್ವಿಕೆ. ಅದರ ಬಹುಭಾಗ ದೊಡ್ಡ ಯುದ್ಧವೇ ಇಲ್ಲದ ಕಾಲ. ಸಮುರಾಯಿಗಳು ಎರಡು ಕತ್ತಿಗಳನ್ನು ಸಿಕ್ಕಿಸಿಕೊಂಡು ಕಚೇರಿಯ ಲೆಕ್ಕಪತ್ರ ಬರೆಯುತ್ತಿದ್ದರು. ಕತ್ತಿ ಉಡುಗೊರೆಯ ವಸ್ತುವಾಯಿತು. ಹೊನ್‌ಆಮಿ ಎಂಬ ಮನೆತನದವರು ಸಾಣೆ ಹಿಡಿಯುವುದರಲ್ಲಿಯೂ ಬೆಲೆ ಕಟ್ಟುವುದರಲ್ಲಿಯೂ ಪ್ರಮಾಣವೆನಿಸಿದರು. ಅವರು ಮಡಿಸಿದ ಕಾಗದದ ಮೇಲೆ, ಇಂಥವನ ಕೆಲಸ, ಇಷ್ಟು ಚಿನ್ನದ ನಾಣ್ಯ ಎಂದು ಬರೆದುಕೊಟ್ಟರೆ ಅದೇ ಕೊನೆಯ ಮಾತು. ಅಕ್ಷರಚಿತ್ರಕ್ಕೂ ಕುಂಬಾರಿಕೆಗೂ ಹೆಸರಾದ ಹೊನ್‌ಆಮಿ ಕೋಯೆತ್ಸು (೧೫೫೮-೧೬೩೭) ಈ ಮನೆತನದವನೇ. ೧೭೧೯ರಲ್ಲಿ ಶೋಗನ್ ಯೋಶಿಮುನೆಯ ಅಪ್ಪಣೆಯಂತೆ ಹೊನ್‌ಆಮಿಯವರು ದೇಶದ ಪ್ರಸಿದ್ಧ ಕತ್ತಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಒಪ್ಪಿಸಿದರು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಇದೊಂದು ಸೊಗಸಾದ ಕಥೆಯಾಗುತ್ತಿತ್ತು. ಆದರೆ ಅಂದು ಉಯೆನೋದಲ್ಲಿ ನಾನು ಕಂಡ ಇನ್ನೊಂದು ಕತ್ತಿಯ ವಿಷಯ ಹೇಳಲೇಬೇಕು. ಅಲಗಿನ ಕೆಳತುದಿ ಹಿಡಿಯೊಳಗೆ ಸೇರಿಕೊಳ್ಳುತ್ತದೆಯಲ್ಲ, ಅದನ್ನು ತೊಟ್ಟು ಎಂದು ಕರೆಯೋಣ. ಆ ತೊಟ್ಟನ್ನು ಹಿಡಿಗೆ ಬಂಧಿಸುವುದು ಒಂದೇ ಒಂದು ಬಿದಿರಿನ ಮೊಳೆ. ಅದನ್ನು ತಟ್ಟಿ ತೆಗೆದರೆ ಹಿಡಿ ಕಳಚಿಬರುತ್ತದೆ. ಕಮ್ಮಾರ ತನ್ನ ಹೆಸರನ್ನು ಕೊರೆಯುವುದು ಈ ತೊಟ್ಟಿನ ಮೇಲೆ. ನಾನು ಕಂಡ ಕತ್ತಿಯ ತೊಟ್ಟಿನ ಮೇಲೆ ಹೆಸರಿನ ಜೊತೆಗೆ, ಕಪ್ಪು ತುಕ್ಕಿನ ನಡುವೆ ಚಿನ್ನ ಕೂರಿಸಿ ಬರೆದ ಅಕ್ಷರಗಳಿದ್ದವು. ಬರಹ ಎಷ್ಟು ಚೆಲುವಾಗಿತ್ತೆಂದರೆ ಪದ್ಯದ ಸಾಲಿರಬೇಕೆಂದುಕೊಂಡೆ. ಪಕ್ಕದ ವಿವರಣೆಯನ್ನು ಓದಿದಾಗ ಅದರ ಅರ್ಥ ತಿಳಿಯಿತು: ಈ ಕತ್ತಿ ಒಂದೇ ಏಟಿಗೆ ಎರಡು ದೇಹಗಳನ್ನು ಕತ್ತರಿಸಿತು! ಆ ಶಾಂತಿಯ ಕಾಲದಲ್ಲಿ, ಮರಣದಂಡನೆಗೆ ಗುರಿಯಾದವರ ಶವಗಳನ್ನು ಒಂದರ ಮೇಲೊಂದಿಟ್ಟು ಕತ್ತಿಯ ಹರಿತವನ್ನು ಪರೀಕ್ಷಿಸುತ್ತಿದ್ದರು. ಅದೇ ವೃತ್ತಿಯ ಮನೆತನವೂ ಇತ್ತು. ನಾನು ಮಂಡಿ ಬಗ್ಗಿಸಿ ಸವಿದ ಮಂಜು, ಮೋಡ, ಪರಿಮಳ ಎಲ್ಲ ಒಂದು ಕ್ಷಣ ಹಿಂದಕ್ಕೆ ಸರಿದವು.

ಈ ಅಳುಕು ನನ್ನೊಬ್ಬನದಲ್ಲ, ಆ ಜನದ ಮನಸ್ಸಿನಲ್ಲಿಯೂ ಇತ್ತೆಂಬುದಕ್ಕೆ ಒಂದು ಜನಪ್ರಿಯ ಕಥೆ ಸಾಕ್ಷಿ. ಮಾಸಾಮುನೆಯ ಕತ್ತಿಯನ್ನೂ ಮುರಾಮಾಸ ಎಂಬ ಇನ್ನೊಬ್ಬ ಕಮ್ಮಾರನ ಕತ್ತಿಯನ್ನೂ ಹರಿಯುವ ತೊರೆಯಲ್ಲಿ ನಿಲ್ಲಿಸಿದರಂತೆ. ತೇಲಿಬಂದ ಎಲೆಗಳು ಮುರಾಮಾಸನ ಅಲಗಿಗೆ ತಗುಲಿ ಎರಡಾಗಿ ಹೋದವು. ಮಾಸಾಮುನೆಯ ಅಲಗಿನ ಬಳಿಗೆ ಬಂದ ಎಲೆಗಳು ಮಾತ್ರ ಪಕ್ಕಕ್ಕೆ ಸರಿದು, ಗಾಯವಿಲ್ಲದೆ ಮುಂದೆ ತೇಲಿದವು. ಹಿರಿಯ ಕತ್ತಿ ಯಾವುದೆಂದು ಹೇಳಬೇಕಾಗಿಲ್ಲ. ಇದು ಚರಿತ್ರೆಯಲ್ಲ, ಇಬ್ಬರ ನಡುವೆ ಸುಮಾರು ಎರಡು ಶತಮಾನಗಳ ಅಂತರವಿದೆ. ಆದರೆ ಕಡಿಯದಿರುವುದೇ ಕತ್ತಿಯ ಹಿರಿಮೆ ಎಂದು ಕಥೆ ಕಟ್ಟಿದವರು ಕತ್ತಿಯನ್ನೇ ಕಟ್ಟಿಕೊಂಡು ಬದುಕಿದ ಜನ ಎಂಬುದನ್ನು ಗಮನಿಸಬೇಕು.

೧೮೭೬ರಲ್ಲಿ ಮೇಯಿಜಿ ಸರಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಸೈನಿಕರಿಗೂ ಪೊಲೀಸರಿಗೂ ವಿನಾಯಿತಿಯಿತ್ತು. ತಲೆತಲಾಂತರದ ಕಮ್ಮಾರರು ಅಡುಗೆಯ ಚೂರಿ, ಕುಡುಗೋಲುಗಳನ್ನು ಬಡಿಯತೊಡಗಿದರು. ಕುಡುಗೋಲು ಕತ್ತಿಗಿಂತ ಕೀಳೇನಲ್ಲ, ಅನ್ನ ಕೊಡುವುದು ಅದೇ; ಆದರೆ ಒಂದು ವಿದ್ಯೆ ಕಣ್ಮರೆಯಾಗುವ ಸ್ಥಿತಿ ಬಂದದ್ದು ನಿಜ. ೧೯೦೬ರಲ್ಲಿ ಗಸ್ಸಾನ್ ಸದಾಕಾಜು ಮತ್ತು ಮಿಯಾಮೊತೊ ಕಾನೆನೊರಿ ಎಂಬ ಇಬ್ಬರು ವೃದ್ಧ ಕಮ್ಮಾರರನ್ನು ಅರಮನೆಯ ಕಲಾವಿದರೆಂದು ಗೌರವಿಸಿದ ಮೇಲೆ ಅದಕ್ಕೆ ಮತ್ತೆ ಉಸಿರು ಬಂತು.

ಆದರೆ ಇಪ್ಪತ್ತನೆಯ ಶತಮಾನ ಕತ್ತಿಗೆ ಇನ್ನೊಂದು ಕೆಲಸವನ್ನು ಗೊತ್ತುಮಾಡಿತ್ತು. ಸೈನ್ಯ ಬೆಳೆದಂತೆ ಅಧಿಕಾರಿಗಳಿಗೆಲ್ಲ ಕತ್ತಿ ಬೇಕಾಯಿತು. ಮಡಿಕೆಯಿಲ್ಲ, ಮಣ್ಣಿನ ಲೇಪವಿಲ್ಲ; ಕಾರ್ಖಾನೆಯ ಉಕ್ಕಿನ ಪಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ ತೆಗೆದ ಕತ್ತಿಗಳು ರಾಶಿರಾಶಿಯಾಗಿ ಹೊರಬಂದವು. ೧೯೩೭ರ ಚಳಿಗಾಲದಲ್ಲಿ ನಾನ್‌ಜಿಂಗಿನಲ್ಲಿ, ಆಮೇಲೆ ಆಗ್ನೇಯ ಏಷ್ಯದ ಉದ್ದಗಲಕ್ಕೂ, ಕೈಕಟ್ಟಿದ ಸೆರೆಯಾಳುಗಳ ಕೊರಳ ಮೇಲೆ ಇಂಥ ಕತ್ತಿಗಳು ಇಳಿದವು. ಕಾರ್ಖಾನೆಯ ಕತ್ತಿ ಮಾತ್ರ ಪಾಪಿ, ಹಳೆಯ ಅಲಗುಗಳು ಪುಣ್ಯವಂತರು ಎಂದು ಹೇಳುವಂತೆಯೂ ಇಲ್ಲ. ಅಜ್ಜ ಮುತ್ತಜ್ಜರ ಕತ್ತಿಗಳನ್ನೂ ಆ ಯುದ್ಧಕ್ಕೆ ಕೊಂಡೊಯ್ದವರಿದ್ದರು.

೧೯೪೫ರಲ್ಲಿ ಜಪಾನು ಸೋತಿತು. ಆಕ್ರಮಿಸಿಕೊಂಡ ಅಮೆರಿಕನ್ ಸೈನ್ಯ ಎಲ್ಲ ಆಯುಧಗಳನ್ನೂ ಒಪ್ಪಿಸುವಂತೆ ಆಜ್ಞಾಪಿಸಿತು. ಗೆದ್ದವರ ಕಣ್ಣಿಗೆ ಕತ್ತಿ ಎಂದರೆ ಕತ್ತಿ. ಹದಿಮೂರನೆಯ ಶತಮಾನದ್ದೋ, ಹಿಂದಿನ ವರ್ಷದ್ದೋ, ಎಲ್ಲ ಒಂದೇ. ಆ ಸೈನಿಕರು ಕಂಡದ್ದನ್ನು ನೆನೆದರೆ ಅವರನ್ನು ದೂರುವುದೂ ಕಷ್ಟ. ಲೆಕ್ಕವಿಲ್ಲದಷ್ಟು ಕತ್ತಿಗಳು ನಾಶವಾದವು, ಇನ್ನೆಷ್ಟೋ ಸೈನಿಕರ ಗಂಟಿನಲ್ಲಿ ಕಡಲು ದಾಟಿದವು. ತೊಕುಗಾವ ಮನೆತನದಲ್ಲಿ ತಲೆಮಾರುಗಳಿಂದ ಬಂದಿದ್ದ, ೧೯೩೯ರಲ್ಲಿ ರಾಷ್ಟ್ರದ ನಿಧಿಯೆಂದು ಸಾರಲಾಗಿದ್ದ 'ಹೊಂಜೋ ಮಾಸಾಮುನೆ'ಯನ್ನು ಆ ಮನೆತನದವರು ಟೋಕಿಯೋದ ಮೆಜಿರೊ ಪೊಲೀಸ್ ಠಾಣೆಗೆ ಒಪ್ಪಿಸಿದರು. ಅಲ್ಲಿಂದ ಅದು ಸೈನಿಕನೊಬ್ಬನ ಕೈಸೇರಿತು. ಆಮೇಲೆ ಅದನ್ನು ಕಂಡವರಿಲ್ಲ.

ಆಗ ಹೊನ್ಮ ಜುಂಜಿ ಎಂಬ ವಿದ್ವಾಂಸರು ಮುಂದೆ ಬಂದು, ಕರ್ನಲ್ ಕ್ಯಾಡ್ವೆಲ್ ಎಂಬ ಅಮೆರಿಕನ್ ಅಧಿಕಾರಿಗೆ ಹಳೆಯ ಕತ್ತಿಗಳನ್ನು ತೋರಿಸಿ, ಇವು ಆಯುಧಗಳಷ್ಟೇ ಅಲ್ಲ, ಕಲಾಕೃತಿಗಳು ಎಂದು ವಾದಿಸಿದರು. ನಿನ್ನೆಯವರೆಗೆ ಶತ್ರುವಾಗಿದ್ದವನಿಗೆ ಅಲಗನ್ನು ದೀಪಕ್ಕೆ ಹಿಡಿದು ನೋಡುವುದನ್ನು ಕಲಿಸಬೇಕಾದ ಸನ್ನಿವೇಶ! ಆ ಅಧಿಕಾರಿ ನೋಡಿದ, ಒಪ್ಪಿದ. ಕಲಾತ್ಮಕವಾದ ಕತ್ತಿಗಳನ್ನು ಪರವಾನಗಿಯ ಮೇಲೆ ಉಳಿಸಿಕೊಳ್ಳಬಹುದೆಂದು ೧೯೪೬ರಲ್ಲಿ ತೀರ್ಮಾನವಾಯಿತು. ಟೋಕಿಯೋದ ಅಕಾಬಾನೆಯ ಸೈನಿಕ ಉಗ್ರಾಣದ ರಾಶಿಯಿಂದ ಐದು ಸಾವಿರಕ್ಕೂ ಹೆಚ್ಚು ಕತ್ತಿಗಳನ್ನು ಆರಿಸಿ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ೧೯೪೮ರಲ್ಲಿ ಕಲಾಖಡ್ಗಗಳ ರಕ್ಷಣೆಗಾಗಿ ಒಂದು ಸಂಘ ಹುಟ್ಟಿತು. ಒಕುಇಜುಮೊದ ಒಲೆಯನ್ನು ಮತ್ತೆ ಹೊತ್ತಿಸಿದ್ದು ಅದೇ ಸಂಘ. ೧೯೫೮ರ ಕಾಯಿದೆ ಈ ವ್ಯವಸ್ಥೆಯನ್ನು ಗಟ್ಟಿಮಾಡಿತು. ಇಂದು ಜಪಾನಿನಲ್ಲಿ ಕತ್ತಿ ಕಮ್ಮಾರನಾಗಬೇಕಾದವನು ಕನಿಷ್ಠ ಐದು ವರ್ಷ ಗುರುವಿನ ಬಳಿ ದುಡಿದು, ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆಮೇಲೂ ತಿಂಗಳಿಗೆ ಎರಡು ಉದ್ದ ಕತ್ತಿಗಳಿಗಿಂತ ಹೆಚ್ಚು ಮಾಡುವಂತಿಲ್ಲ. ಅವಸರದ ಕೆಲಸ ಮತ್ತೆ ಆಯುಧವಾದೀತೆಂಬ ಭಯ! ಯುದ್ಧಕಾಲದ ಕಾರ್ಖಾನೆಯ ಕತ್ತಿಗೆ ಇಂದಿಗೂ ಅಲ್ಲಿ ನೋಂದಣಿಯಿಲ್ಲ.

ಈ ಕಥೆ ಮುಗಿದಿಲ್ಲ. ಈಗ ಜಪಾನಿನ ರಾಷ್ಟ್ರನಿಧಿಗಳಲ್ಲಿ ನೂರಕ್ಕೂ ಹೆಚ್ಚು ಕತ್ತಿಗಳಿವೆ. ಹಳೆಯ ಕತ್ತಿಗಳನ್ನು ತರುಣರ ರೂಪದಲ್ಲಿ ಕಲ್ಪಿಸಿದ ಗಣಕಯಂತ್ರದ ಆಟವೊಂದು ೧೯೭೭ರ ಒಲೆಯಂತೆಯೇ ಹೊಸ ಬೆಂಕಿ ಹಚ್ಚಿತು. ೨೦೧೫ರಲ್ಲಿ ಅದು ಬಂದ ಮೇಲೆ ಕತ್ತಿಗಳ ಮುಂದೆ ಮಂಡಿ ಬಗ್ಗಿಸುವವರಲ್ಲಿ ತರುಣಿಯರೇ ಮುಂದಾಗಿದ್ದಾರೆ. ಒಸಾಫುನೆ ಗ್ರಾಮ ಇಂದು ಸೆತೊಉಚಿ ಎಂಬ ಪುಟ್ಟ ನಗರದ ಭಾಗ. ಬಿಜೆನ್ ಸೀಮೆಯಲ್ಲಿ ಹದಿಮೂರನೆಯ ಶತಮಾನದಲ್ಲಿ ಹುಟ್ಟಿ, ಉಯೆಸುಗಿ ಕೆನ್ಶಿನ್ ಎಂಬ ಸೇನಾನಿಯ ಕೈಸೇರಿದ್ದ 'ಸಾಂಚೋಮೋ' ಎಂಬ ಕತ್ತಿಯನ್ನು ಆ ನಗರ ಜನರಿಂದ ವಂತಿಗೆ ಎತ್ತಿ, ೫೦ ಕೋಟಿ ಯೆನ್ ಕೊಟ್ಟು, ೨೦೨೦ರಲ್ಲಿ ಕೊಂಡುಕೊಂಡಿತು. ಹೆಸರಿನ ಅರ್ಥ ಕಾಡುಹಕ್ಕಿಯ ಗರಿ ಎಂದು. ಯುದ್ಧಕ್ಕೆಂದು ಊರು ಬಿಟ್ಟ ಮಗ, ಮುದುಕನಾಗಿ, ನಿರಾಯುಧನಾಗಿ ಮನೆಗೆ ಮರಳಿದ ಹಾಗೆ.

ಹಾಗಾದರೆ ನನ್ನ ಪ್ರಶ್ನೆ? ಸೌಂದರ್ಯ ಕತ್ತಿಯನ್ನು ಉಳಿಸಿತು, ನಿಜ. ಅದರ ಪಾಪವನ್ನು ತೊಳೆಯಿತೇ? ತೊಳೆಯಲಿಲ್ಲವೆಂದೇ ನನ್ನ ಎಣಿಕೆ. ತೊಳೆಯಬೇಕೆಂದು ಆ ಕಲೆಯ ಬಲ್ಲವರೂ ಬಯಸಿದಂತಿಲ್ಲ. ಕತ್ತಿಗೆ ಸಾಣೆ ಹಿಡಿಯುವವ ಒರಟು ಕಲ್ಲಿನಿಂದ ತೊಡಗಿ, ನುಣುಪಾದ ಕಲ್ಲುಗಳಿಗೆ ಬಂದು, ಕೊನೆಗೆ ಬೆರಳ ತುದಿಯಲ್ಲಿ ಹಿಡಿದ ಎಲೆಯಷ್ಟು ತೆಳುವಾದ ಕಲ್ಲಿನಿಂದ ಅಲಗನ್ನು ಉಜ್ಜುತ್ತಾನೆ. ವಾರಗಟ್ಟಲೆ ಕೆಲಸ. ಮಂಜು, ಮೋಡ, ನಕ್ಷತ್ರ ಎಲ್ಲವನ್ನೂ ಹೊರಗೆ ತರುವವನು ಅವನೇ. ಆದರೆ ತೊಟ್ಟಿನ ಗಡಿಗೆ ಬಂದಾಗ ಅವನ ಕೈ ನಿಲ್ಲುತ್ತದೆ. ತೊಟ್ಟಿನ ತುಕ್ಕನ್ನು ಮುಟ್ಟಬಾರದು. ಇದು ಆ ವಿದ್ಯೆಯ ಕಟ್ಟಪ್ಪಣೆ. ಕತ್ತಿಯ ವಯಸ್ಸು ತಿಳಿಯುವುದು ಆ ತುಕ್ಕಿನಿಂದ. ಮಾಡಿದವನ ಹೆಸರಿರುವುದು ಅಲ್ಲಿ. ಕತ್ತರಿಸಿದ ದೇಹಗಳ ಲೆಕ್ಕವಿರುವುದೂ ಅಲ್ಲಿಯೇ. ಅದನ್ನು ಉಜ್ಜಿ ಬೆಳಗಿಸಿದವನು ಕತ್ತಿಯ ಬೆಲೆಯನ್ನೇ ಕೆಡಿಸಿದಂತೆ.

ಒಂದೇ ಕಬ್ಬಿಣ, ಮುಕ್ಕಾಲು ಪಾಲು ಬೆಳಕು, ಕಾಲು ಪಾಲು ತುಕ್ಕು. ಬಲ್ಲವರು ಬಿದಿರಿನ ಮೊಳೆಯನ್ನು ತಟ್ಟಿ ತೆಗೆದು ಎರಡನ್ನೂ ನೋಡುತ್ತಾರೆ. ಅಂದು ಉಯೆನೋದಿಂದ ಹೊರಡುವ ಮೊದಲು ನಾನು ಮತ್ತೊಮ್ಮೆ ಆ ಚಿನ್ನದ ಅಕ್ಷರಗಳ ಮುಂದೆ ಹೋಗಿ ನಿಂತೆ. ಹಿರಿಯರು ಇನ್ನೂ ಅಲ್ಲಿಯೇ ಇದ್ದರು. ಅವರು ಆಗ ಅಲಗನ್ನು ನೋಡುತ್ತಿರಲಿಲ್ಲ. ತೊಟ್ಟಿನ ಕಡೆಗೆ ಮುಖ ಮಾಡಿ, ಮಂಡಿ ಬಗ್ಗಿಸಿ, ತಲೆ ತಗ್ಗಿಸಿ ನಿಂತಿದ್ದರು.